ಅಂಬಾಸಿಡರ್ ಡಿಕ್ಕಿಗೆ ಇಪಿಡಿಎಂ ಬೀಡಿಂಗ್: ಕೆಲವು ಮಳೆಗಾಲಗಳ ನಂತರ

ಮಡಿಕೇರಿಯ ಆಸುಪಾಸಿನಲ್ಲಿ ಹಳೆಯ ಅಂಬಾಸಿಡರ್ ಉಳಿಸಿಕೊಂಡಿರುವವರಿಗೆ ಡಿಕ್ಕಿಯಲ್ಲಿ ನೀರು ನಿಲ್ಲುವುದು ಹೊಸ ಸಂಗತಿಯೇನಲ್ಲ. ನನ್ನದು ಮಾರ್ಕ್ 4. ಅಂಬಾಸಿಡರ್ ತಯಾರಿಸುತ್ತಿದ್ದ, ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿದ ಮೇಲೆ ಇಂಥ ಕಾರುಗಳ ರಬ್ಬರ್ ಭಾಗಗಳಿಗೆ ನಾವು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಾಡಬೇಕಾಗಿದೆ. ಅಲ್ಲಿ ಸಿಗುವುದರಲ್ಲಿಯೂ ಗುಣಮಟ್ಟ ಒಂದೇ ರೀತಿ ಇರುವುದಿಲ್ಲ. ಒಳಗೆ ಟೊಳ್ಳಾಗಿದ್ದು ಒತ್ತಿದರೆ ಕುಗ್ಗುವ, ಇಪಿಡಿಎಂ ಎಂಬ ಕೃತಕ ರಬ್ಬರಿನ ಬೀಡಿಂಗನ್ನು (ನೀರು ತಡೆಯಲು ಅಂಚಿಗೆ ಹಾಕುವ ಪಟ್ಟಿಯನ್ನು) ಡಿಕ್ಕಿಯ ಬಾಯಿಗೆ ಹಾಕಿಸಿ ಕೆಲವು ಮಳೆಗಾಲಗಳು ಕಳೆದಿರುವುದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ರಬ್ಬರ್ ಉತ್ತಮವಾಗಿದೆ. ಆದರೆ ಅದರ ಎತ್ತರವೂ ಮುಚ್ಚಳ ಕೂರುವ ರೀತಿಯೂ ಪರಸ್ಪರ ಹೊಂದದಿದ್ದರೆ ಎಷ್ಟೇ ದುಬಾರಿ ರಬ್ಬರ್ ತಂದರೂ ಪ್ರಯೋಜನವಿಲ್ಲ.

ಇದಕ್ಕೆ ಮೊದಲು ಡಿಕ್ಕಿಗೆ ಇದ್ದದ್ದು ಅಡಿಯ ಲೆಕ್ಕದಲ್ಲಿ ಸಿಗುವ ಅಗ್ಗದ ಸ್ಪಂಜ್ ಪಟ್ಟಿ. ಅದರ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರುವುದರಿಂದ ಅದು ನೀರನ್ನು ತಡೆಯುವ ಬದಲು ಹೀರಿಕೊಂಡು, ತಗಡಿಗೆ ದಿನವಿಡೀ ಒದ್ದೆ ಬಟ್ಟೆ ಕಟ್ಟಿಟ್ಟಂತೆ ಕೂರುತ್ತದೆ. ಹಳೆಯ ಪಟ್ಟಿಯನ್ನು ಕಿತ್ತಾಗ ಅದರಡಿಯ ಅಂಚು ತುಕ್ಕು ಹಿಡಿದು ಪುಡಿಯಾಗಿತ್ತು. ಅಂಗಡಿಯಲ್ಲಿ ಒಂದು ತುಂಡು ಕೇಳಿ ಪಡೆದು, ನೀರಿನೊಳಗೆ ಹಿಂಡಿ ಬಿಟ್ಟು, ಮೇಲೆತ್ತಿ ಮತ್ತೆ ಹಿಂಡಿದರೆ ಅದು ಎಂಥ ಸ್ಪಂಜ್ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಇನ್ನು ನೈಸರ್ಗಿಕ ರಬ್ಬರಿನ ವಿಷಯ. ನಮ್ಮ ಸಂಪಾಜೆ ಕಡೆ ರಬ್ಬರ್ ತೋಟಗಳೇ ಇವೆಯಾದರೂ, ಆ ಹಾಲಿನಿಂದ ಮಾಡಿದ ರಬ್ಬರಿನ ಅಣುಸರಪಳಿಯಲ್ಲಿರುವ ಜೋಡಿಬಂಧಗಳನ್ನು ಗಾಳಿಯಲ್ಲಿರುವ ಓಝೋನ್ ಮುರಿಯುವುದರಿಂದ ಬಾಗಿದ ಮೂಲೆಗಳಲ್ಲಿ ಬೇಗ ಬಿರುಕು ಕಾಣಿಸಿಕೊಳ್ಳುತ್ತದೆ. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಅಂಥ ಬಂಧಗಳಿಲ್ಲ. ಬಿಸಿಲು, ಮಳೆ, ಓಝೋನ್ ಮೂರನ್ನೂ ಅದು ತಾಳಿಕೊಳ್ಳುತ್ತದೆ. ಅದಕ್ಕೆ ಆಗದಿರುವುದು ಪೆಟ್ರೋಲಿಯಂ ಎಣ್ಣೆ ಮತ್ತು ಪೆಟ್ರೋಲಿಯಂ ಗ್ರೀಸ್. ಅವು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ.

ಬೀಡಿಂಗ್ ಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಬೇಕು, ಏಕೆಂದರೆ ಡಿಕ್ಕಿಯ ನೆಲದಲ್ಲಿ ಕಾಣುವ ನೀರೆಲ್ಲ ಮುಚ್ಚಳದ ಅಂಚಿನಿಂದಲೇ ಬಂದಿರುತ್ತದೆ ಎನ್ನುವಂತಿಲ್ಲ. ಹಿಂದಿನ ಗಾಜಿನ ರಬ್ಬರ್, ಟೇಲ್ ಲ್ಯಾಂಪಿನ ಹಿಂಬದಿಯ ಗ್ಯಾಸ್ಕೆಟ್, ತಗಡಿನ ಬೆಸುಗೆಯ ಸಂದು, ಇವುಗಳಿಂದಲೂ ಇಳಿಯುತ್ತದೆ. ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಏಕಕಾಲಕ್ಕೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ತೋಟದ ಮನೆಗಳಲ್ಲಿ ಕಾರು ನಿಲ್ಲಿಸುವವರು ಇನ್ನೊಂದು ಕಾರಣವನ್ನೂ ಗಮನಿಸಬೇಕು. ಮುಚ್ಚಳದ ಸುತ್ತ ನೀರು ಹರಿದುಹೋಗಲು ಇರುವ ತೋಡಿನಲ್ಲಿ ಸಿಲ್ವರ್ ಓಕ್ ಎಲೆಗಳು ಕೊಳೆತು ಕಟ್ಟಿಕೊಂಡರೆ, ನೀರು ಉಕ್ಕಿ ಎಂಥ ಬೀಡಿಂಗನ್ನೂ ದಾಟಿ ಒಳಗೆ ಬರುತ್ತದೆ.

ಎತ್ತರದ ಆಯ್ಕೆಗೆ ಸೀಮೆಸುಣ್ಣದ ಪರೀಕ್ಷೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿತು. ಬೀಡಿಂಗಿನ ಸಣ್ಣ ತುಂಡುಗಳನ್ನು ಬೇರೆ ಬೇರೆ ಜಾಗಗಳಲ್ಲಿ ತಾತ್ಕಾಲಿಕವಾಗಿ ಇಟ್ಟು, ಮೇಲೆ ಸೀಮೆಸುಣ್ಣ ಸವರಿ, ಮುಚ್ಚಳ ಹಾಕಿ ತೆಗೆದರೆ ಗುರುತು ಎಲ್ಲಿ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ನನ್ನ ಕಾರಿನಲ್ಲಿ ಹಿಂದೆ ಎಂದೋ ಟಿಂಕರಿಂಗ್ ಮಾಡಿಸಿದ್ದ ಎಡಮೂಲೆ ತಗ್ಗಾಗಿತ್ತು. ಆ ತಗ್ಗನ್ನು ದಪ್ಪ ರಬ್ಬರಿನಿಂದ ತುಂಬಬಹುದು ಎಂದು ಅಂಗಡಿಯವರು ಸಲಹೆ ಕೊಟ್ಟರೂ ನಾನು ಒಪ್ಪಲಿಲ್ಲ. ಒಂದು ಕಡೆಯ ಕೊರತೆಗಾಗಿ ಸುತ್ತಲೂ ದಪ್ಪ ರಬ್ಬರ್ ಹಾಕಿದರೆ ಉಳಿದ ಕಡೆ ಅದು ಮುಚ್ಚಳವನ್ನು ಮೇಲಕ್ಕೆ ತಳ್ಳಿ, ಲಾಕಿನ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಕೀಲಿನ ಬೋಲ್ಟುಗಳನ್ನು ಸಡಿಲಿಸಿ ಮುಚ್ಚಳವನ್ನು ಸರಿಪಡಿಸಿ, ತಗ್ಗನ್ನು ತಟ್ಟಿಸಿದ ಮೇಲೆಯೇ ಬೀಡಿಂಗ್ ತಂದೆ.

ಕೆಲಸಕ್ಕೆ ಸೂಕ್ತ ಕಾಲ ಕಾಫಿ ಹೂವರಳಿಸುವ ಹೂಮಳೆಗೆ ಮುಂಚಿನ ಒಣ ದಿನಗಳು. ಬೀಡಿಂಗ್ ಹಿಡಿಸಲು ಬಳಸುವ ರಬ್ಬರ್ ಅಂಟನ್ನು ತಗಡಿಗೂ ರಬ್ಬರಿಗೂ ಎರಡಕ್ಕೂ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಅಂಟಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಜೂನ್ ತಿಂಗಳ ಮಂಜಿನಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಗಾಳಿಯ ತೇವ ಅದರ ಮೇಲೆ ಕೂತು ಅಂಟು ಹಿಡಿಯುವುದಿಲ್ಲ. ಹಳೆಯ ಅಂಟನ್ನು ಥಿನ್ನರಿನಿಂದ ತೆಗೆಯಬೇಕೇ ಹೊರತು ಸೀಮೆಎಣ್ಣೆಯಿಂದಲ್ಲ, ಸೀಮೆಎಣ್ಣೆ ಜಿಡ್ಡಿನ ಪದರವನ್ನು ಉಳಿಸುತ್ತದೆ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್, ಬಣ್ಣ ಎರಡನ್ನೂ ಹಚ್ಚಿ ಚೆನ್ನಾಗಿ ಒಣಗಲು ಬಿಡಬೇಕು. ಜೋಡಣೆಯ ಸಂದು ಕೆಳಗೆ, ಲಾಕಿನ ಹತ್ತಿರ ಬರುವಂತೆ ನೋಡಿಕೊಂಡು, ಮೂಲೆಗಳಲ್ಲಿ ರಬ್ಬರನ್ನು ಎಳೆಯದೆ ಹಾಗೆಯೇ ಕೂರಿಸಬೇಕು. ಎಳೆದು ಹಾಕಿದ ರಬ್ಬರ್ ಕ್ರಮೇಣ ಹಿಂದಕ್ಕೆ ಸರಿದು ಸಂದು ಬಿಡುತ್ತದೆ.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಬಿಡದ ಮಳೆಯಲ್ಲಿ ಭಾಗಮಂಡಲದವರೆಗೆ ಹೋಗಿ ಬಂದಾಗಲೂ ಡಿಕ್ಕಿಯ ನೆಲ ಒಣಗಿಯೇ ಇರುತ್ತದೆ. ನಾನು ನಿರೀಕ್ಷಿಸದ ಲಾಭ ಬೇಸಿಗೆಯಲ್ಲಿ ಕಂಡಿತು. ಚಲಿಸುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಅಲ್ಲಿ ಸುಳಿ ಏಳುವುದರಿಂದ ದೂಳೂ ಸೈಲೆನ್ಸರಿನ ಹೊಗೆಯೂ ಡಿಕ್ಕಿಯ ಸಂದಿನ ಮೂಲಕ ಒಳಗೆ ಬರುತ್ತವೆ. ತೋಟದ ಮಣ್ಣುರಸ್ತೆಯಲ್ಲಿ ಕರಿಮೆಣಸಿನ ಚೀಲಗಳ ಮೇಲೆ ಕೂರುತ್ತಿದ್ದ ಕೆಂಪು ದೂಳು ಈಗ ಬಹುತೇಕ ನಿಂತಿದೆ, ಹಿಂದಿನ ಸೀಟಿನಲ್ಲಿ ಬರುತ್ತಿದ್ದ ಹೊಗೆಯ ವಾಸನೆಯೂ ಇಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲವಾದ್ದರಿಂದ ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಬಾರದು.

ಕೊರತೆಗಳೂ ಇವೆ. ಮೊದಲ ಕೆಲವು ವಾರ ಮುಚ್ಚಳವನ್ನು ಬಲವಾಗಿ ಒತ್ತಬೇಕಾಗಿತ್ತು. ಲಾಕಿನ ಬಳಿ ಒತ್ತಡ ಹೆಚ್ಚಿರುವಲ್ಲಿ ಬೀಡಿಂಗ್ ಈಗ ಸ್ವಲ್ಪ ಚಪ್ಪಟೆಯಾಗಿದೆ, ಕಾಗದದ ಪಟ್ಟಿಯಿಟ್ಟು ಮುಚ್ಚಿ ಎಳೆದರೆ ಅಲ್ಲಿ ಹಿಡಿತ ಮೊದಲಿನಷ್ಟಿಲ್ಲ. ಕೆಳಗಿನ ಸಂದು ಒಮ್ಮೆ ಬಿಟ್ಟುಕೊಂಡಿದ್ದರಿಂದ ಮತ್ತೆ ಅಂಟಿಸಬೇಕಾಯಿತು. ಮಳೆಗಾಲಕ್ಕೆ ಮುಂಚೆ ಬಟ್ಟೆಗೆ ಸಿಲಿಕೋನ್ ಗ್ರೀಸ್ ಹಚ್ಚಿ ತೆಳ್ಳಗೆ ಸವರುವುದರಿಂದ ರಬ್ಬರ್ ಬಣ್ಣಕ್ಕೆ ಅಂಟಿಕೊಳ್ಳುವುದಿಲ್ಲ. ಬೆಲೆ ಸ್ಪಂಜ್ ಪಟ್ಟಿಯ ಹಲವು ಪಟ್ಟು. ಮಡಿಕೇರಿ, ವಿರಾಜಪೇಟೆ ಕಡೆ ಕಾರನ್ನು ಬಯಲಲ್ಲಿ ನಿಲ್ಲಿಸುವವರಿಗೆ ಆ ಹಣ ಸಾರ್ಥಕ; ಮಳೆ ಕಡಿಮೆಯಿರುವ ಕುಶಾಲನಗರದಲ್ಲಿ, ಶೆಡ್ಡಿನೊಳಗೆ ಇಡುವವರು ಮೊದಲು ಮುಚ್ಚಳವನ್ನಷ್ಟೇ ಸರಿಪಡಿಸಿ ನೋಡಬಹುದು.