ಬರೆಯದ ಶಿಫಾರಸು ಪತ್ರ ತಲುಪಿತ್ತು: ಕನ್ಸಲ್ಟೆನ್ಸಿಗೆ ಪಾಸ್‌ವರ್ಡ್ ಒಪ್ಪಿಸುವ ಮುನ್ನ ಓದಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಸಿದ್ಧರಾಗುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಹೆಸರಿನ ಅರ್ಜಿ ಖಾತೆಯನ್ನು ಬೇರೆಯವರು ತೆರೆದಿದ್ದು, ಅದರ ಪಾಸ್‌ವರ್ಡ್ ನಿಮಗೇ ಗೊತ್ತಿಲ್ಲದಿದ್ದರೆ ಇಂದೇ ಕೇಳಿ ಪಡೆಯಿರಿ.

ನಾನು ಶುಲ್ಕ ಕಟ್ಟಿ ಸೇರಿದ ಕನ್ಸಲ್ಟೆನ್ಸಿಯವರು, “ಅಂಕಪಟ್ಟಿ, ಜಿಆರ್‌ಇ (ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಅಂಕ, ಪ್ರಾಧ್ಯಾಪಕರ ಹೆಸರು ಕೊಡಿ, ಉಳಿದದ್ದು ನಮ್ಮ ಜವಾಬ್ದಾರಿ” ಎಂದಿದ್ದರು. ಅರ್ಜಿಗೆಂದೇ ಹೊಸ ಇಮೇಲ್ ವಿಳಾಸವನ್ನೂ ಅವರೇ ತೆರೆದರು. ಪಾಸ್‌ವರ್ಡ್ ಕೇಳಿದಾಗಲೆಲ್ಲ, ಎರಡು ಕಡೆಯಿಂದ ತೆರೆದರೆ ಗೊಂದಲವಾಗುತ್ತದೆ ಎಂದು ಸಾಗಹಾಕಿದರು.

ಗಡುವು ಹತ್ತಿರ ಬಂದಾಗ ನನ್ನ ಪ್ರಾಧ್ಯಾಪಕರೇ ಫೋನ್ ಮಾಡಿ, “ಶಿಫಾರಸು ಪತ್ರ ಸಲ್ಲಿಸುವ ಲಿಂಕ್ ಇನ್ನೂ ಬಂದಿಲ್ಲವಲ್ಲಮ್ಮ, ಪತ್ರ ಯಾವಾಗ ಕಳಿಸಬೇಕು?” ಎಂದು ವಿಚಾರಿಸಿದರು. ಕನ್ಸಲ್ಟೆನ್ಸಿಯನ್ನು ಕೇಳಿದರೆ ಪತ್ರಗಳೆಲ್ಲ ತಲುಪಿವೆ ಎಂದು ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಪ್ರಾಧ್ಯಾಪಕರ ಹೆಸರಿನ ಮುಂದೆ ‘ಸ್ವೀಕರಿಸಲಾಗಿದೆ’ ಎಂದಿತ್ತು. ಅದರ ಕೆಳಗಿನ ಸಣ್ಣ ಅಕ್ಷರದ ಇಮೇಲ್ ವಿಳಾಸ ಮಾತ್ರ ಅವರದಲ್ಲ. ಅವರು ಬಳಸುವುದು ಕಾಲೇಜಿನ ವಿಳಾಸವನ್ನಷ್ಟೇ. ಅಲ್ಲಿದ್ದದ್ದು ಅವರ ಹೆಸರಿನ ಕೊನೆಗೆ ಒಂದು ಅಂಕಿ ಅಂಟಿಸಿ ತೆರೆದ ಜಿಮೇಲ್ ಖಾತೆ. ನಾನು ಅದನ್ನು ತೋರಿಸಿದಾಗ ಸರ್ ಕನ್ನಡಕ ತೆಗೆದು, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. “ನಾನು ಬರೆಯದ ಪತ್ರಕ್ಕೆ ನನ್ನ ಹೆಸರು ಹಾಕಿದವರು ಯಾರು?” ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಈ ಮೋಸ ಎಷ್ಟು ಸುಲಭ ಎಂಬುದನ್ನು ತಿಳಿದುಕೊಳ್ಳಿ. ಶಿಫಾರಸು ಮಾಡುವವರ ಹೆಸರು, ವಿಳಾಸಗಳನ್ನು ಅರ್ಜಿದಾರರೇ ತುಂಬಬೇಕು. ಆ ವಿಳಾಸಕ್ಕೆ ಲಿಂಕ್ ಹೋಗುತ್ತದೆ. ಅಂಚೆಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿದೆಯೋ ಪತ್ರ ಅವರದ್ದು. ವಿದ್ಯಾರ್ಥಿಗಳ ದಾಖಲೆಗಳ ಕುರಿತಾದ ಅಮೆರಿಕದ 1974ರ ‘ಫರ್ಪಾ’ ಕಾಯಿದೆಯಂತೆ, ಪ್ರವೇಶ ಪಡೆದು ಓದಲು ಸೇರಿದ ವಿದ್ಯಾರ್ಥಿಗೆ ತನ್ನ ಶಿಫಾರಸು ಪತ್ರ ನೋಡುವ ಹಕ್ಕಿದೆ. ಆದರೆ ಅರ್ಜಿಯಲ್ಲೇ ಆ ಹಕ್ಕನ್ನು ಬಿಟ್ಟುಕೊಡಬಹುದು, ಸಾಮಾನ್ಯವಾಗಿ ಬಿಟ್ಟುಕೊಡುತ್ತಾರೆ ಕೂಡ. ನನ್ನ ಪರವಾಗಿ ಅಲ್ಲೂ ಕನ್ಸಲ್ಟೆನ್ಸಿಯವರೇ ಗುರುತು ಹಾಕಿದ್ದರು. ಹಾಗಾಗಿ ನನ್ನ ಬಗ್ಗೆ ಏನು ಬರೆದಿದ್ದಾರೆ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಈ ಕೋರ್ಸ್ ಏಕೆ ಓದಬೇಕೆಂದು ಅರ್ಜಿದಾರರೇ ಬರೆಯಬೇಕಾದ ಪ್ರಬಂಧ, ಅಂದರೆ ಎಸ್‌ಒಪಿಯ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಕಥೆಯೂ ಅಷ್ಟೇ. ಬಾಲ್ಯದಲ್ಲಿ ಕೆಟ್ಟ ರೇಡಿಯೊ ಬಿಚ್ಚಿ ಜೋಡಿಸಿದ್ದೇ ನನಗೆ ಪ್ರೇರಣೆಯಾಯಿತಂತೆ! ನಾನು ರೇಡಿಯೊ ಬಿಚ್ಚಿದವಳೇ ಅಲ್ಲ. ಇಷ್ಟೆಲ್ಲದರ ಕೊನೆಗೆ, ‘ಇಲ್ಲಿರುವುದೆಲ್ಲ ಸತ್ಯ, ಇದು ನನ್ನದೇ ಬರಹ’ ಎಂಬ ಘೋಷಣೆಯ ಕೆಳಗೆ ಸಹಿಯಾಗಿ ಟೈಪ್ ಮಾಡಿದ್ದು ನನ್ನ ಹೆಸರನ್ನು. ಸುಳ್ಳು ಬಯಲಾದರೆ ಪ್ರವೇಶ ರದ್ದಾಗಬಹುದು. ಓದು ಮುಗಿದ ಮೇಲೆ ಪದವಿಯನ್ನೇ ಹಿಂಪಡೆಯಬಹುದು. ಏಜೆಂಟನ ಹೆಸರು ಎಲ್ಲೂ ಇರುವುದಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ನಾನು ಅರ್ಜಿ ಹೋಗಿದ್ದ ಎಲ್ಲ ವಿಭಾಗಗಳಿಗೂ ನಡೆದದ್ದನ್ನು ತಿಳಿಸಿ ಅರ್ಜಿ ಹಿಂಪಡೆದೆ. ಅರ್ಜಿ ಶುಲ್ಕ ವಾಪಸ್ ಬರಲಿಲ್ಲ, ಆ ವರ್ಷ ಕೈತಪ್ಪಿತು. ಜಿಆರ್‌ಇ ಅಂಕಕ್ಕೆ 5 ವರ್ಷ, ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ಗೆ 2 ವರ್ಷ ಮಾನ್ಯತೆ ಇರುವುದರಿಂದ ಪರೀಕ್ಷೆಗಳಾದರೂ ಉಳಿದವು.

ಕನ್ಸಲ್ಟೆನ್ಸಿಯ ನೆರವು ಬೇಕೇ ಬೇಕೆಂದರೆ ಸಲಹೆಯನ್ನಷ್ಟೇ ಪಡೆಯಿರಿ. ಕೆಲವು ಏಜೆಂಟರಿಗೆ ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುತ್ತವೆ. ಅಂಥವರ ಸಲಹೆ ಯಾರ ಹಿತಕ್ಕೆ ಎಂದು ಯೋಚಿಸಿ. ಖಾತೆ ತೆರೆಯುವುದು, ಪ್ರಾಧ್ಯಾಪಕರ ವಿಳಾಸ ತುಂಬುವುದು, ಸಲ್ಲಿಸುವ ಗುಂಡಿ ಒತ್ತುವುದು ನಿಮ್ಮ ಕೈಯಿಂದಲೇ ಆಗಲಿ. ವಿಳಾಸವನ್ನು ಪ್ರಾಧ್ಯಾಪಕರನ್ನೇ ಕೇಳಿ ಬರೆದುಕೊಳ್ಳಿ. ಪತ್ರಕ್ಕಾಗಿ ಗಡುವಿಗೆ ಒಂದೆರಡು ತಿಂಗಳು ಮೊದಲೇ ವಿನಂತಿಸಿ, ಲಿಂಕ್ ಹೋದ ದಿನವೇ ಬಂತೇ ಎಂದು ವಿಚಾರಿಸಿ.

ಈಗಾಗಲೇ ಯಾರಿಗಾದರೂ ಖಾತೆ ಒಪ್ಪಿಸಿದ್ದರೆ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಮರುಪಡೆಯಲು ನಮೂದಿಸಿರುವ ಫೋನ್ ಸಂಖ್ಯೆ ಮತ್ತು ಇಮೇಲ್ ಅವರದೇ ಇರಬಹುದು, ಅದನ್ನೂ ಬದಲಿಸಿ. ಆಮೇಲೆ ಶಿಫಾರಸು ವಿಳಾಸಗಳನ್ನು ಅಕ್ಷರ ಅಕ್ಷರವಾಗಿ ಓದಿ. ಒಂದಾದರೂ ಅನುಮಾನ ಬಂದರೆ ಮೊದಲು ಪ್ರಾಧ್ಯಾಪಕರಿಗೆ ತಿಳಿಸಿ, ಅದೇ ದಿನ ಪ್ರವೇಶ ಕಚೇರಿಗೆ ನೀವೇ ಬರೆಯಿರಿ.