ಕಾಪರ್-ಟಿ ಹಾಕಿಸಿಕೊಂಡವರಿಗೆ ಅಶೋಕಾರಿಷ್ಟ: ಎಷ್ಟು ಉಪಯೋಗ?

ವಂಕಿ (ಕಾಪರ್-ಟಿ) ಹಾಕಿಸಿಕೊಂಡ ಮೇಲೆ ಮುಟ್ಟು ಜಾಸ್ತಿ ಹೋಗ್ತಿದೆ ಅಂದರೆ ಆಯುರ್ವೇದ ಅಂಗಡಿಯವರು ಮೊದಲು ಕೈಗೆ ಕೊಡೋದು ಅಶೋಕಾರಿಷ್ಟ, ಅಶೋಕ ಮರದ ಚಕ್ಕೆ ಹುದುಗಿಸಿ ಮಾಡಿದ ಔಷಧ. ಊಟವಾದ ಮೇಲೆ ದಿನಕ್ಕೆರಡು ಸಲ 20 ಮಿ.ಲೀ., ಅಷ್ಟೇ ನೀರು ಬೆರೆಸಿ. ಹಾಗೆ ಕುಡಿದರೆ 450 ಮಿ.ಲೀ. ಬಾಟಲಿ ಹನ್ನೊಂದು ದಿನಕ್ಕೆ ಮುಗಿಯುತ್ತೆ. ಒಗರು, ಸಿಹಿ, ಸ್ವಲ್ಪ ಹುದುಗಿದ ವಾಸನೆ.

ಶಾಸ್ತ್ರೋಕ್ತ ಪಾಕದಲ್ಲಿ 4.8 ಕೆ.ಜಿ. ಅಶೋಕ ಚಕ್ಕೆಯ ಕಷಾಯಕ್ಕೆ ಬೀಳೋದು 9.6 ಕೆ.ಜಿ. ಬೆಲ್ಲ, ಅಂದರೆ ಚಕ್ಕೆಯ ಎರಡರಷ್ಟು! ಜೊತೆಗೆ ಹುದುಗಿಸಲು 768 ಗ್ರಾಂ ಧಾತಕಿ ಹೂವು. ಶುಂಠಿ, ಜೀರಿಗೆ, ತ್ರಿಫಲೆ, ಶ್ರೀಗಂಧ ಇತ್ಯಾದಿ ತಲಾ 48 ಗ್ರಾಂ. ಹುದುಗಿ ತಾನಾಗಿಯೇ 5ರಿಂದ 10 ಶೇಕಡಾ ಆಲ್ಕೋಹಾಲ್ ಆಗುತ್ತೆ. ಬೆಲ್ಲ ಇಷ್ಟಿರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಇದು ಹೊಂದಲ್ಲ. ಆಲ್ಕೋಹಾಲ್ ಇರುವುದರಿಂದ ಸೋಂಕಿಗೆ ಮೆಟ್ರೋನಿಡಜೋಲ್ ನುಂಗುತ್ತಿರುವವರೂ ಆ ದಿನಗಳಲ್ಲಿ ಮುಟ್ಟಬಾರದು. ಚಕ್ಕೆಯ ಒಗರು ಕಬ್ಬಿಣಾಂಶ ಹೀರದಂತೆ ತಡೆಯುವುದರಿಂದ ಐರನ್ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ, ರಕ್ತ ಕಮ್ಮಿಯಾದವರಿಗೆ ಬೇಕಾಗೋದೇ ಈ ಮಾತು.

ಗ್ರಂಧಿಗೆ ಅಂಗಡಿಯಿಂದ ಚಕ್ಕೆ ತಂದು ಮನೆಯಲ್ಲೇ ಹಾಲು ಕಷಾಯ (ಚಕ್ಕೆ 1, ಹಾಲು 8, ನೀರು 32 ಪಾಲು, ಹಾಲಷ್ಟೇ ಉಳಿಯುವವರೆಗೆ ಸಣ್ಣ ಉರಿ) ಮಾಡುವವರು ಮೊದಲು ಮರ ನೋಡಬೇಕು. ಬೆಂಗಳೂರಿನ ಕಾಂಪೌಂಡ್ ಪಕ್ಕ ಅಶೋಕ ಅಂತ ಕರೆಸಿಕೊಂಡು ಕಂಬದ ಹಾಗೆ ನಿಂತಿರೋದು ಬೇರೆಯದೇ ಮರ. ಅದರ ಎಲೆ ಒಂಟಿ, ಅಂಚು ಅಲೆಅಲೆ. ನಿಜವಾದ ಅಶೋಕದಲ್ಲಿ ಒಂದೇ ಕಡ್ಡಿಗೆ ಜೋಡಿಜೋಡಿ ಎಲೆ, ಕಿತ್ತಳೆ-ಕೆಂಪು ಗೊಂಚಲು ಹೂವು. ಪುಡಿಯಾದ ಮೇಲೆ ಪತ್ತೆ ಹಚ್ಚೋದು ಕಷ್ಟ, ಪುಡಿ ಕೊಳ್ಳಬೇಡಿ.

ಫಲದ ಮಾತು. ತಾಮ್ರ ಗರ್ಭಕೋಶದ ಒಳಪದರವನ್ನು ಕೆರಳಿಸಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತೆ, ಸ್ರಾವ ಏರೋದು ಅದರಿಂದ. ನೋವಿನ ಮಾತ್ರೆ ಮೆಫೆನಮಿಕ್ ಆಸಿಡ್ (500 ಮಿ.ಗ್ರಾಂ, ದಿನಕ್ಕೆ ಮೂರು ಸಲ, ಊಟದ ನಂತರ, ಐದು ದಿನದೊಳಗೆ) ನೇರ ಅಲ್ಲಿಗೇ ಕೈ ಹಾಕುತ್ತೆ, ಗ್ಯಾಸ್ಟ್ರಿಕ್ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಬೇಡ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ವೈದ್ಯರನ್ನು ಕೇಳಿಯೇ. ರಕ್ತ ಹೆಪ್ಪುಗಟ್ಟುವ ಕಾಯಿಲೆ ಬಂದವರಿಗೆ ಸಲ್ಲದು. ಅಶೋಕಾರಿಷ್ಟದ ಕೈ ನಿಧಾನ, ಸ್ರಾವ ಜೋರಾದ ದಿನ ಅದನ್ನೇ ನಂಬಿ ಕೂರುವ ಔಷಧವಲ್ಲ. ಹೊಸ ವಂಕಿಯಾದರೆ ಮೊದಲ 3ರಿಂದ 6 ತಿಂಗಳಲ್ಲಿ ಸ್ರಾವ ತಾನಾಗಿಯೇ ಇಳಿಯೋದೂ ಉಂಟು. ಆಗ ಹೆಸರು ಬಾಟಲಿಗೆ ಹೋಗುತ್ತೆ.

ವಂಕಿಯವರ ಮೇಲೇ ಇರಾನಿನಲ್ಲಿ ಪರೀಕ್ಷಿಸಿದ ಗಿಡ ವೈಟೆಕ್ಸ್ ಆಗ್ನಸ್ ಕ್ಯಾಸ್ಟಸ್, ಸ್ರಾವ ಇಳಿದಿತ್ತು. ಆದರೆ ನಮ್ಮ ಲಕ್ಕಿ ಅದರ ದಾಯಾದಿ ಅಷ್ಟೇ, ಬದಲಿಗೆ ಲಕ್ಕಿ ಸೊಪ್ಪು ಕುದಿಸಿ ಕುಡಿಯಬೇಡಿ. ಸ್ರಾವಕ್ಕೆ ಮನೆಮದ್ದು ಅನ್ನುವ ಬಾಳೆ ಹೂವಿನ ಪಲ್ಯ, ಮೊಸರು? ಊಟವಾಗಿ ಚೆನ್ನ.

ಗಂಟೆಗೊಂದು ಪ್ಯಾಡ್ ತೊಯ್ದರೆ, ರಕ್ತದ ದೊಡ್ಡ ಗಡ್ಡೆ ಬಿದ್ದರೆ, ವಂಕಿಯ ದಾರ ಕೈಗೆ ಸಿಗದಿದ್ದರೆ, ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಮುಟ್ಟು ಇದ್ದರೆ ಬಾಟಲಿ ಪಕ್ಕಕ್ಕಿಟ್ಟು ಸ್ಕ್ಯಾನಿಂಗ್, ಹಿಮೋಗ್ಲೋಬಿನ್ ಮಾಡಿಸಿ. ಮುಟ್ಟು ತಡವಾಗಿ ಆಮೇಲೆ ಸ್ರಾವ ಶುರುವಾದರೆ ಮೊದಲು ಗರ್ಭ ಪರೀಕ್ಷೆ. ಅಲ್ಲಿಯವರೆಗೆ ಅಶೋಕದ ಯಾವ ಔಷಧವೂ ಬೇಡ.