ಗ್ರೂಪ್ ಥಿಯರಿಗೆ ಯಾವ ಪುಸ್ತಕ? ಮೂರನ್ನೂ ಓದಿ ನೋಡಿದೆ

ಬಿ.ಎಸ್ಸಿ ಮುಗಿದು ಎಂಟು ವರ್ಷದ ಮೇಲೆ ಮತ್ತೆ ಅಮೂರ್ತ ಬೀಜಗಣಿತ, ಅದರಲ್ಲೂ ಗ್ರೂಪ್ ಥಿಯರಿ ಓದುವ ಹುಚ್ಚು ಹತ್ತಿತು. (ಗ್ರೂಪ್ ಅಂದರೆ ಗುಣಾಕಾರದಂಥ ಒಂದು ಕ್ರಿಯೆ ಇರುವ, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಲೂ ಬರುವ ಗಣ.) ಕೇಳಿದವರೆಲ್ಲ ಹರ್ಸ್ಟೀನ್ ಓದು ಅಂದರು. ‘ಟಾಪಿಕ್ಸ್ ಇನ್ ಆಲ್ಜೀಬ್ರಾ’, 1964ರ ಪುಸ್ತಕ, ಎರಡನೇ ಆವೃತ್ತಿ 1975ರದ್ದು.

ಬರವಣಿಗೆ ಚೆಂದ, ಎದುರಿಗೆ ಕೂತು ಹೇಳಿದ ಹಾಗಿದೆ. ಲೆಕ್ಕಗಳು ಮಾತ್ರ ಬೆವರಿಳಿಸುತ್ತವೆ. ಗ್ರೂಪ್ ಅಂದರೇನು ಅಂತ ಹೇಳಿ ಇನ್ನೂ ಉಸಿರು ಬಿಟ್ಟಿರುವುದಿಲ್ಲ, ಒಂದು ಲೆಕ್ಕ ಬರುತ್ತದೆ: ಯಾವ ಎ, ಬಿ ತೆಗೆದುಕೊಂಡರೂ, ಎಬಿ ಗುಣಲಬ್ಧದ ಘಾತವೂ, ಎ ಮತ್ತು ಬಿ ಘಾತಗಳ ಗುಣಲಬ್ಧವೂ ಘಾತಸೂಚಿ ಪಕ್ಕಪಕ್ಕದ ಮೂರು ಪೂರ್ಣಾಂಕಗಳಾದಾಗ ಸಮವಾದರೆ ಗ್ರೂಪ್ ಅಬೇಲಿಯನ್ (ಗುಣಿಸುವ ಕ್ರಮ ಬದಲಿಸಿದರೂ ಉತ್ತರ ಒಂದೇ) ಎಂದು ತೋರಿಸಿ. ಎರಡು ಸಂಜೆ ಹೋಯಿತು. ಬಿಡಿಸಿದ ಮೇಲೆ ನೋಡಿದರೆ ನಾಲ್ಕೇ ಸಾಲು! ಮುಂದಿನ ಲೆಕ್ಕ, ಮೂರರ ಬದಲು ಎರಡೇ ಇದ್ದರೆ ಸಾಲದು ಎಂದು ತೋರಿಸುವುದು. ಏನೇನೋ ದೊಡ್ಡ ಗ್ರೂಪ್ ಹುಡುಕಿದೆ. ಆಮೇಲೆ ಹೊಳೆಯಿತು, ಸೊನ್ನೆ ಮತ್ತು ಒಂದು. ಆ ಎರಡಕ್ಕೆ ಯಾವ ಗ್ರೂಪ್‌ನಲ್ಲಾದರೂ ಸಮ ಬರುತ್ತದೆ, ಅಲ್ವಾ! ಒಬ್ಬನೇ ಕೂತು ನಕ್ಕೆ.

ಆದರೆ ಉದಾಹರಣೆ ಕಡಿಮೆ. ಕೋಸೆಟ್ (ಗ್ರೂಪ್ ಒಳಗಿನ ಚಿಕ್ಕ ಗ್ರೂಪನ್ನು ಒಂದು ಅಂಶದಿಂದ ಗುಣಿಸಿದಾಗ ಸಿಗುವ ತುಂಡು) ಬರುವ ಹೊತ್ತಿಗೆ ಕಣ್ಣ ಮುಂದೆ ಏನೂ ಮೂಡುತ್ತಿರಲಿಲ್ಲ. ಆಗ ಎರಡನೇ ಪುಸ್ತಕ, ಗ್ಯಾಲಿಯನ್ ಬರೆದ ‘ಕಂಟೆಂಪರರಿ ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ’ ತೆಗೆದೆ. ಇದು ಗ್ರೂಪ್‌ನ ವ್ಯಾಖ್ಯೆಗೂ ಮೊದಲು ಚೌಕ ತಿರುಗಿಸುತ್ತದೆ. ಹಳೇ ಲಗ್ನಪತ್ರಿಕೆಯಿಂದ ಒಂದು ಚೌಕ ಕತ್ತರಿಸಿ, ಮೂಲೆಗಳಿಗೆ ಎರಡೂ ಬದಿ 1ರಿಂದ 4 ಬರೆದೆ. ಕಾಲು ಸುತ್ತು ತಿರುಗಿಸಿ ಮಗುಚಿದರೆ ಒಂದು ಥರ, ಮಗುಚಿ ತಿರುಗಿಸಿದರೆ ಇನ್ನೊಂದು ಥರ. ಒಟ್ಟು ಎಂಟೇ ಸ್ಥಿತಿ. ನಾನ್-ಅಬೇಲಿಯನ್ ಅಂದರೆ ಏನು ಅಂತ ಕೈಗೇ ಗೊತ್ತಾಯಿತು. ಬಾರ್‌ಕೋಡ್‌ನ ತಪ್ಪು ಹಿಡಿಯುವ ಅಂಕಿಯೂ ಇದರಲ್ಲಿದೆ. ಬೆಸ ಸಂಖ್ಯೆಯ ಲೆಕ್ಕಗಳಿಗೆ ಹಿಂದೆ ಉತ್ತರ ಉಂಟು, ಅದೇ ಅಪಾಯ. ಕೈ ಸುಮ್ನೆ ಅಲ್ಲಿಗೇ ಹೋಗುತ್ತದೆ.

ಎರಡನ್ನೂ ಒಟ್ಟಿಗೆ ಓದುವವರು ಒಂದು ಕಡೆ ಎಚ್ಚರ. ಹರ್ಸ್ಟೀನ್ ಫಂಕ್ಷನ್ನನ್ನು ಅಕ್ಷರದ ಬಲಗಡೆ ಬರೆಯುತ್ತಾರೆ, ಹಾಗಾಗಿ ಪರ್ಮ್ಯುಟೇಶನ್ (ವಸ್ತುಗಳ ಸ್ಥಾನ ಅದಲು ಬದಲು ಮಾಡುವುದು) ಗುಣಾಕಾರ ಎಡದಿಂದ ಬಲಕ್ಕೆ. ಗ್ಯಾಲಿಯನ್‌ನಲ್ಲಿ ಬಲದಿಂದ ಎಡಕ್ಕೆ. ಇದು ತಿಳಿಯದೆ ಒಂದು ವಾರ ನನ್ನ ಉತ್ತರಗಳೆಲ್ಲ ತಪ್ಪಾಗಿ ಬಂದವು.

ಮೂರನೆಯದು ಡಮಿಟ್ ಮತ್ತು ಫೂಟ್ ಬರೆದ ‘ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ’, 900 ಪುಟ ದಾಟುವ ಗಡವ. ಉದಾಹರಣೆ ಬೇಕಾದಷ್ಟಿದೆ, ಯಾವ ವಿಷಯ ಹುಡುಕಿದರೂ ಸಿಗುತ್ತದೆ. ಮೊದಲಿನಿಂದ ಓದಲು ಹೋಗಿ ಮೂರನೇ ಅಧ್ಯಾಯಕ್ಕೆ ಸುಸ್ತಾದೆ. ಒಂಟಿಯಾಗಿ ಓದುವವರಿಗೆ ಶುರುವಿನಲ್ಲಿ ಜಾಸ್ತಿಯೇ ಆಯಿತು.

ಈಗ ವಾರವಿಡೀ ಗ್ಯಾಲಿಯನ್, ಭಾನುವಾರ ಹರ್ಸ್ಟೀನ್‌ನ ಎರಡು ಲೆಕ್ಕ. ಸಿಲೋ ಪ್ರಮೇಯಕ್ಕೆ (ಗ್ರೂಪ್ ಒಳಗೆ ಯಾವ ಗಾತ್ರದ ಚಿಕ್ಕ ಗ್ರೂಪ್ ಖಂಡಿತ ಇರುತ್ತದೆ ಎಂದು ಹೇಳುವುದು) ಬಂದಿದ್ದೇನೆ. ಹರ್ಸ್ಟೀನ್‌ನಲ್ಲಿ ಅದಕ್ಕೆ ಒಂದಲ್ಲ, ಮೂರು ಸಾಧನೆಗಳಿವೆ. ಮೊದಲನೆಯದರಲ್ಲೇ ಇನ್ನೂ ಇದ್ದೇನೆ.